ಸಿನಿಮಾ ಮುಗಿದ ಮೇಲೆ ಸಿಟ್ಟು ಎಲ್ಲಿಗೆ ಹೋಗುತ್ತದೆ?

ಅಳುವುದಕ್ಕೆಂದೇ ಜನ ರಾತ್ರಿಯಿಡೀ ನಿದ್ದೆಗೆಟ್ಟು ಕೂರುವುದು ತುಮಕೂರು ಸೀಮೆಗೆ ಹೊಸದಲ್ಲ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ನೆಲ ಇದು. ಈಗಲೂ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದರೆ ಒಂದಲ್ಲ ಒಂದು ಊರಲ್ಲಿ ಹರಿಶ್ಚಂದ್ರ ನಾಟಕ ಇದ್ದೇ ಇರುತ್ತದೆ. ಲೋಹಿತಾಶ್ವ ಹಾವು ಕಚ್ಚಿ ಸತ್ತು, ಚಂದ್ರಮತಿ ಹೆಣ ಹೊತ್ತು ಸುಡುಗಾಡಿಗೆ ಬಂದು, ಕಟ್ಟಿಕೊಂಡ ಗಂಡನೇ ಹೆಣ ಸುಡುವ ಸುಂಕವನ್ನು ಅವಳಿಂದ ಕೇಳುವ ಹೊತ್ತಿಗೆ ಬೆಳಗಿನ ಜಾವ ಆಗಿರುತ್ತದೆ. ಮುಂದೆ ಚಾಪೆ ಹಾಸಿಕೊಂಡು ಕೂತ ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿರುತ್ತಾರೆ. ಸರಿಯಾಗಿ ಅದೇ ಹೊತ್ತಿಗೆ ಪಾತ್ರಧಾರಿಯ ನೆಂಟನೊಬ್ಬ ಸ್ಟೇಜು ಹತ್ತಿ ಚಂದ್ರಮತಿಗೆ ಹಾರ ಹಾಕಿ, ಹೆಣವಾಗಿ ಮಲಗಿರುವ ಹುಡುಗನ ಅಂಗಿಗೂ ಒಂದು ನೋಟು ಸಿಕ್ಕಿಸಿ ಇಳಿಯುತ್ತಾನೆ. ಅತ್ತ ಅಳುವೂ ನಿಲ್ಲುವುದಿಲ್ಲ, ಇತ್ತ ಹುಡುಗನೂ ಏಳುವುದಿಲ್ಲ. ಕೊನೆಗೆ ದೇವರು ಪ್ರತ್ಯಕ್ಷನಾಗುತ್ತಾನೆ, ಮಗು ಕಣ್ಣು ಬಿಡುತ್ತದೆ, ರಾಜ್ಯ ವಾಪಸು ಬರುತ್ತದೆ. ಜನ ಚಾಪೆ ಕೊಡವಿಕೊಂಡು ಹಗುರಾಗಿ ಮನೆಗೆ ಹೋಗುತ್ತಾರೆ.

ಇದೇ ತುಮಕೂರಿನಲ್ಲಿ ಈಚೆಗೆ ನಾವೊಂದಷ್ಟು ಜನ ಸೇರಿ ದಕ್ಷಿಣ ಕೊರಿಯಾದ ಒಂದು ಸಿನಿಮಾ ನೋಡಿದೆವು. 2011ರಲ್ಲಿ ಬಂದದ್ದು, ಹೆಸರು ‘ದೊಗಾನಿ’. ಗ್ವಾಂಗ್ಜು ನಗರದ ಕಿವುಡ ಮಕ್ಕಳ ವಸತಿಶಾಲೆಯೊಂದರಲ್ಲಿ ಆಡಳಿತದವರೂ ಶಿಕ್ಷಕರೂ ಮಕ್ಕಳ ಮೇಲೆ ವರ್ಷಗಟ್ಟಲೆ ನಡೆಸಿದ ಲೈಂಗಿಕ ದೌರ್ಜನ್ಯದ ನಿಜ ಪ್ರಕರಣವೇ ಕಥೆಗೆ ಆಧಾರ. ದೌರ್ಜನ್ಯದ ದೃಶ್ಯಗಳಿಗಿಂತ ಆಮೇಲೆ ಬರುವ ಕೋರ್ಟಿನ ದೃಶ್ಯಗಳೇ ಹೆಚ್ಚು ಹಿಂಸೆ ಕೊಡುತ್ತವೆ. ಮಾಡಿದವರು ಹೆಚ್ಚೂಕಡಿಮೆ ನಗುನಗುತ್ತಲೇ ಹೊರಗೆ ಬರುತ್ತಾರೆ. ಸಿನಿಮಾ ಮುಗಿದಾಗ ಹಗುರಾದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಆದರೆ ಭಾರ ಒಬ್ಬೊಬ್ಬರಲ್ಲಿ ಒಂದೊಂದು ಥರ ಕಾಣಿಸಿತು. ಒಬ್ಬರು ಅರ್ಧಕ್ಕೇ ಫೋನು ಬಂದಂತೆ ಮಾಡಿ ಎದ್ದು ಹೋದವರು, ಕೊನೆತನಕ ಮೆಟ್ಟಿಲ ಮೇಲೆ ಕೂತಿದ್ದರು. ಒಬ್ಬರು "ನೇಣಾಕ್ಬೇಕು ಇಂಥ ಬಡ್ಡೀಮಕ್ಳನ್ನ, ಕೋರ್ಟು ಗೀರ್ಟು ಯಾಕ್ ಬೇಕು?" ಎಂದು ಕೂಗಾಡಿದರು. ಕಾಲೇಜು ಹುಡುಗಿಯೊಬ್ಬಳು ಕ್ಯಾಮೆರಾ, ಬೆಳಕು, ಹಿನ್ನೆಲೆ ಸಂಗೀತದ ಬಗ್ಗೆ ಬಿಡುವಿಲ್ಲದೆ ಮಾತಾಡಿದಳು. ಟೌನ್‌ಹಾಲ್ ಸರ್ಕಲ್ ಹತ್ತಿರ ಟೀ ಕುಡಿಯುವಾಗ ಬಹಳ ಮೆದು ಸ್ವಭಾವದ ಹಿರಿಯರೊಬ್ಬರು ಕೇಳಿದರು: "ಅಲ್ಲ ಕಣ್ರೀ, ಆ ಮಕ್ಳ ಅಪ್ಪ ಅಮ್ಮ ಏನ್ ಕಡಿದು ಕಟ್ಟೆ ಹಾಕ್ತಿದ್ರು? ಹಾಸ್ಟೆಲ್‌ಗೆ ಬಿಟ್ಮೇಲೆ ಒಂದಿನಾನಾದ್ರೂ ಹೋಗಿ ನೋಡ್ಬಾರ್ದಾ?" ಇನ್ನೊಬ್ಬ ಹೆಂಗಸು ಮಾತಿಲ್ಲದೆ ಬ್ಯಾಗು ತಗೊಂಡು ಹೊರಟುಬಿಟ್ಟರು.

ಇವರಲ್ಲಿ ಯಾರಿಗೆ ಕರುಣೆ ಜಾಸ್ತಿ, ಯಾರಿಗೆ ಕಮ್ಮಿ ಎಂದು ಅಳೆಯಲು ಹೊರಟರೆ ಮೋಸ ಹೋಗುತ್ತೇವೆ. ಎಲ್ಲರ ಒಳಗೂ ಮೊದಲು ನಡೆಯುವುದು ಹೆಚ್ಚುಕಡಿಮೆ ಒಂದೇ. 2004ರಲ್ಲಿ ತಾನಿಯಾ ಸಿಂಗರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಹದಿನಾರು ಹೆಂಗಸರನ್ನು ಮಿದುಳಿನ ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಪಕ್ಕದಲ್ಲಿ ಕೂತ ಅವರ ಸಂಗಾತಿಯ ಕೈಗೆ ಶಾಕ್ ಕೊಟ್ಟರು. ಶಾಕ್ ತಗುಲಿದ್ದು ಗಂಡಸಿಗೆ. ಆದರೂ ನೋವಿನ ಸಂಕಟಕ್ಕೆ ಸಂಬಂಧಿಸಿದ ಮುಂಭಾಗದ ಇನ್ಸುಲಾ, ಸಿಂಗ್ಯುಲೇಟ್ ಎಂಬ ಭಾಗಗಳು ಹೆಂಗಸಿನ ಮಿದುಳಿನಲ್ಲೂ ಚುರುಕಾದವು. ನೋವು ಮೈಯ ಯಾವ ಜಾಗದಲ್ಲಿದೆ ಎಂದು ಗುರುತಿಸುವ ಭಾಗ ಮಾತ್ರ ಸುಮ್ಮನಿತ್ತು. ಅಂದರೆ ಇನ್ನೊಬ್ಬರ ನೋವನ್ನು ನೋಡಿದವರಿಗೆ ಚುಚ್ಚಿದ ಜಾಗ ಸಿಗುವುದಿಲ್ಲ, ಸಂಕಟ ಮಾತ್ರ ಸಿಗುತ್ತದೆ. ಅದನ್ನು ಏನು ಮಾಡಬೇಕು ಎಂಬಲ್ಲಿಂದ ದಾರಿಗಳು ಕವಲೊಡೆಯುತ್ತವೆ.

ಕ್ಯಾಮೆರಾ ಬಗ್ಗೆ ಮಾತಾಡಿದ ಹುಡುಗಿಗೆ ಕಲ್ಲೆದೆ ಅನ್ನಬೇಡಿ. 1960ರ ದಶಕದಲ್ಲಿ ರಿಚರ್ಡ್ ಲಾಜರಸ್ ಮತ್ತು ಸಹೋದ್ಯೋಗಿಗಳು ಬುಡಕಟ್ಟೊಂದರ ಹುಡುಗರ ಮೈಗೆ ಕತ್ತಿ ಹಾಕುವ ಆಚರಣೆಯ ಚಿತ್ರವನ್ನು ಬೇರೆಬೇರೆ ಗುಂಪಿಗೆ ಬೇರೆಬೇರೆ ವಿವರಣೆಯೊಂದಿಗೆ ತೋರಿಸಿದರು. ನೋವನ್ನು ಎತ್ತಿ ಹೇಳುವ ದನಿ ಇದ್ದಾಗ ನೋಡುಗರ ಅಂಗೈ ಬೆವರು ಹೆಚ್ಚಿತು. ಶಾಸ್ತ್ರದ ಪಾಠ ಹೇಳುವಂಥ ತಣ್ಣನೆ ದನಿ ಇದ್ದಾಗ ಅದು ತಗ್ಗಿತು. ಚಿತ್ರ ಒಂದೇ, ಮೈ ಕೊಟ್ಟ ಉತ್ತರ ಬೇರೆ. ಆ ಹುಡುಗಿ ತನ್ನ ವಿವರಣೆಯನ್ನು ತಾನೇ ಕೊಟ್ಟುಕೊಳ್ಳುತ್ತಿದ್ದಳು, ಅಷ್ಟೆ.

ನಾಟಕ ನೋಡಿ ಅತ್ತವರು ಹಗುರಾಗಿ, ಇದನ್ನು ನೋಡಿದವರು ಕಲ್ಲಾಗಿ ಎದ್ದದ್ದು ಯಾಕೆ ಅನ್ನುವುದಕ್ಕೂ ಇಲ್ಲೇ ಒಂದು ಎಳೆ ಇದೆ. ಶೋಕವೇ ಕರುಣ ರಸವಾಗುತ್ತದೆ ಎಂದ ನಾಟ್ಯಶಾಸ್ತ್ರದ ಭರತನ ಮಾತಿಗೆ ಅದರ ವ್ಯಾಖ್ಯಾನಕಾರ ಅಭಿನವಗುಪ್ತ ಒಂದು ಷರತ್ತು ಸೇರಿಸಿದ್ದಾನೆ: ‘ಇದು ನನ್ನದು, ಇದು ಇಂಥವನದು’ ಎಂಬ ಭಾವ ನಡುವೆ ನುಗ್ಗಿದರೆ ರಸಕ್ಕೆ ವಿಘ್ನ. ಲೋಹಿತಾಶ್ವ ಯಾರ ಮಗನೂ ಅಲ್ಲ, ಎಲ್ಲರ ಮಗ. ಅಂಗಿಗೆ ನೋಟು ಸಿಕ್ಕಿಸಿದರೂ ಅವನು ಕೆಡುವುದಿಲ್ಲ. ಆದರೆ ‘ನಡೆದ ಘಟನೆಯನ್ನು ಆಧರಿಸಿದ್ದು’ ಎಂಬ ಒಂದು ಸಾಲು ಪರದೆಯ ಮೇಲೆ ಬಂದರೆ ಮುಗಿಯಿತು, ಆ ಮಗುವಿಗೆ ಊರು, ವರ್ಷ, ವಿಳಾಸ ಎಲ್ಲ ಬಂದುಬಿಡುತ್ತವೆ. ನನ್ನ ಲೆಕ್ಕದಲ್ಲಿ ಈ ಕಾಲದ ದೊಡ್ಡ ರಸವಿಘ್ನ ಆ ಸಾಲು. ನಿರ್ದೇಶಕರು ಅದನ್ನು ಬೇಕೆಂದೇ ಹಾಕುತ್ತಾರೆ, ಹಾಕಲಿ.

ಗುಂಪಿನಲ್ಲಿ ಕೂತು ನೋಡಿದ್ದರಿಂದ ನಮಗೆ ಒಂದು ಲಾಭವಂತೂ ಆಯಿತು. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ತೋರಿಸಿದ್ದು, ಬಾಲ್ಯದಲ್ಲಿ ದೌರ್ಜನ್ಯಕ್ಕೆ ಸಿಕ್ಕು ಬೀದಿಪಾಲಾದ ಮನುಷ್ಯನೊಬ್ಬನ ಕಥೆ. ಚಿತ್ರಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಅವರ ನೋವು ತಾಳುವ ಶಕ್ತಿಯನ್ನು ಅಳೆದರು. ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆಯೇ ಕುರ್ಚಿಯಲ್ಲಿ ಕೂತಂತೆ ಮೊಣಕಾಲು ಮಡಿಸಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದೇ ಅಳತೆ. (ನಮ್ಮ ಶಾಲೆಗಳಲ್ಲಿ ಮಗ್ಗಿ ಬಾರದ ಮಕ್ಕಳಿಗೆ ಇದನ್ನೇ ಶಿಕ್ಷೆಯಾಗಿ ಕೊಡುತ್ತಿದ್ದರು. ಮಕ್ಕಳ ಮೇಲಿನ ದೌರ್ಜನ್ಯದ ಸಿನಿಮಾಕ್ಕೆ ಇಂಥ ಅಳತೆಗೋಲು ಸಿಕ್ಕಿದ್ದು ಕಾಕತಾಳೀಯವೇ ಇರಬೇಕು.) ಸಾಧಾರಣ ಸಾಕ್ಷ್ಯಚಿತ್ರ ನೋಡಿದವರಿಗೆ ಹೋಲಿಸಿದರೆ, ಸಂಕಟದ ಚಿತ್ರ ನೋಡಿ ಮನಸ್ಸು ಕಲಕಿದವರು ಹೆಚ್ಚು ಹೊತ್ತು ನಿಂತರು, ಜೊತೆಗೆ ನೋಡಿದ ಅಪರಿಚಿತರ ಬಗ್ಗೆ ಹೆಚ್ಚು ಆಪ್ತಭಾವ ತೋರಿದರು. ಮೈಯೊಳಗೇ ತಯಾರಾಗುವ ನೋವು ನಿವಾರಕ ಎಂಡಾರ್ಫಿನ್ ಇದಕ್ಕೆ ಕಾರಣ ಎಂಬುದು ಆ ತಂಡದ ವಾದ. ಎಲ್ಲರಿಗೂ ಹೀಗಾಗಲಿಲ್ಲ, ಚಿತ್ರ ತಟ್ಟದವರಿಗೆ ಏನೂ ಆಗಲಿಲ್ಲ.

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಅಷ್ಟು ಮೆದು ಮನಸ್ಸಿನವರು ಮಾಡಿದವನನ್ನು ಬಿಟ್ಟು ಅಪ್ಪ ಅಮ್ಮನ ಮೇಲೆ ಯಾಕೆ ಹೋದರು? 1966ರಲ್ಲಿ ಮೆಲ್ವಿನ್ ಲರ್ನರ್ ಮತ್ತು ಕ್ಯಾರೊಲಿನ್ ಸಿಮನ್ಸ್ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಬಿಡಿಸಿ ತೋರಿಸುತ್ತದೆ. ಕಲಿಕೆಯ ಪ್ರಯೋಗ ಎಂದು ಹೇಳಿ ವಿದ್ಯಾರ್ಥಿನಿಯರಿಗೆ ಒಬ್ಬ ಹುಡುಗಿಯನ್ನು ತೋರಿಸಲಾಯಿತು. ತಪ್ಪು ಉತ್ತರ ಕೊಟ್ಟಾಗೆಲ್ಲ ಅವಳಿಗೆ ಶಾಕ್. ಶಾಕು ನಿಜವಲ್ಲ, ಅವಳು ನಟಿಸುತ್ತಿದ್ದಳು. ನೋಡುವವರಿಗೆ ಅದು ಗೊತ್ತಿರಲಿಲ್ಲ. ಒಂದು ಗುಂಪಿಗೆ, ಮುಂದಿನ ಸುತ್ತಿನಲ್ಲಿ ಶಾಕ್ ಬದಲು ಅವಳಿಗೆ ಹಣ ಕೊಡಿಸುವ ಅವಕಾಶ ಇತ್ತು. ಹೆಚ್ಚುಕಡಿಮೆ ಎಲ್ಲರೂ ಹಣವೇ ಸಿಗಲಿ ಅಂದರು. ಇನ್ನೊಂದು ಗುಂಪಿಗೆ ಅಂಥ ಅವಕಾಶ ಇಲ್ಲ, ಶಾಕ್ ಮುಂದುವರಿಯುತ್ತದೆ ಎಂದಷ್ಟೇ ಹೇಳಿದರು. ಆಮೇಲೆ ಅವಳ ಬಗ್ಗೆ ಅಭಿಪ್ರಾಯ ಕೇಳಿದಾಗ ಈ ಎರಡನೆಯ ಗುಂಪು ಅವಳನ್ನೇ ಕೀಳಾಗಿ ಕಂಡಿತು. ಇನ್ನೂ ವಿಚಿತ್ರವೆಂದರೆ, ಬೇರೆ ವಿದ್ಯಾರ್ಥಿನಿಯರಿಗೆ ಅನುಕೂಲವಾಗಲಿ ಎಂದು ತಾನೇ ಒಪ್ಪಿ ಶಾಕ್ ತಿಂದಳು ಎಂದು ತಿಳಿದವರು ಅವಳಿಗೆ ಎಲ್ಲಕ್ಕಿಂತ ಕಡಿಮೆ ಅಂಕ ಕೊಟ್ಟರು.

ಲೋಕದಲ್ಲಿ ಮಾಡಿದ್ದಕ್ಕೆ ತಕ್ಕ ಫಲ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ನಾವು ಮಕ್ಕಳನ್ನು ಬೆಳೆಸುತ್ತೇವೆ, ಸಾಲ ಕೊಡುತ್ತೇವೆ, ರಾತ್ರಿ ನಿದ್ದೆ ಮಾಡುತ್ತೇವೆ. ನಿರಪರಾಧಿ ಮಗು ನರಳಿ, ಮಾಡಿದವನು ನಗುತ್ತಾ ಹೊರಗೆ ಬಂದರೆ ಆ ನಂಬಿಕೆಗೇ ಪೆಟ್ಟು. ಸರಿಪಡಿಸಲು ಕೈಯಲ್ಲಿ ಏನಾದರೂ ಇದ್ದರೆ ಸರಿಪಡಿಸುತ್ತೇವೆ. ಇಲ್ಲದಿದ್ದರೆ ಲೆಕ್ಕವನ್ನೇ ತಿದ್ದುತ್ತೇವೆ: ಆ ಹುಡುಗಿ ಅಲ್ಲಿಗೆ ಯಾಕೆ ಹೋದಳು, ತಾಯಿ ಏನು ಮಾಡುತ್ತಿದ್ದಳು, ಮೊದಲೇ ಯಾಕೆ ಹೇಳಲಿಲ್ಲ. ಅಪ್ಪ ಅಮ್ಮ ಎಚ್ಚರವಾಗಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂದುಕೊಂಡರೆ, ಎಚ್ಚರವಾಗಿರುವ ನಮ್ಮ ಮನೆಗೆ ಇದು ಬಾರದು ಎಂಬ ಧೈರ್ಯವೂ ಜೊತೆಗೆ ಬರುತ್ತದೆ. ಆ ಪ್ರಶ್ನೆ ಹುಟ್ಟಿದ್ದು ಕಟುಕತನದಿಂದ ಅಲ್ಲ, ಹೆದರಿಕೆಯಿಂದ. ಆದರೆ ಅದು ಹೋಗಿ ತಗುಲುವುದು ಮೊದಲೇ ಪೆಟ್ಟು ತಿಂದವರಿಗೆ. ಅದಕ್ಕೇ ಹೆದರಿಕೆ ಎಂದ ಮಾತ್ರಕ್ಕೆ ನಾನು ಅದನ್ನು ಮನ್ನಿಸಲಾರೆ.

ಮೆಟ್ಟಿಲ ಮೇಲೆ ಕೂತವರ ಕಥೆ ಬೇರೆ. 1981ರಲ್ಲಿ ಡೇನಿಯಲ್ ಬ್ಯಾಟ್ಸನ್ ತಂಡ ಇಂಥದ್ದೇ ಶಾಕ್ ನಾಟಕ ಹೂಡಿ, ಬೇಕಾದರೆ ಶಾಕ್ ತಿನ್ನುವವಳ ಜಾಗದಲ್ಲಿ ನೀವು ಕೂರಬಹುದು ಎಂದು ನೋಡುವವರಿಗೆ ಹೇಳಿತು. ತನ್ನ ಸಂಕಟವೇ ದೊಡ್ಡದಾದವರು, ಎದ್ದು ಹೋಗಲು ಸುಲಭದ ದಾರಿ ಇದ್ದಾಗ ಎದ್ದು ಹೋದರು. ಅವಳ ಬಗ್ಗೆ ಮರುಗಿದವರು ದಾರಿ ಇದ್ದರೂ ಉಳಿದು ಅವಳ ಜಾಗ ತೆಗೆದುಕೊಂಡರು. ಸಂಕಟಪಡುವುದು ಬೇರೆ, ಮರುಗುವುದು ಬೇರೆ. ಎರಡರಲ್ಲೂ ಕಣ್ಣೀರು ಬರುವುದರಿಂದ ಹೊರಗಿನವರಿಗೆ ವ್ಯತ್ಯಾಸ ಕಾಣುವುದಿಲ್ಲ.

ನೇಣು ಹಾಕಿ ಅಂದವರ ಸಿಟ್ಟಿಗೆ ಒಂದು ಸುಖವೂ ಇದೆ. ಜ್ಯೂರಿಕ್ಕಿನಲ್ಲಿ 2004ರಲ್ಲಿ ನಡೆದ ಸ್ಕ್ಯಾನಿಂಗ್ ಅಧ್ಯಯನದಲ್ಲಿ, ಮೋಸ ಮಾಡಿದವನಿಗೆ ದಂಡ ಹಾಕುವ ಹೊತ್ತಿಗೆ ಮಿದುಳಿನ ಬಹುಮಾನ ಸಿಕ್ಕಾಗ ಚುರುಕಾಗುವ ಭಾಗವೇ ಚುರುಕಾಗಿತ್ತು. ಬಾಯಲ್ಲಿ ನೇಣು ಹಾಕಿದರೂ ಒಂದಿಷ್ಟು ತೃಪ್ತಿ ಸಿಗುತ್ತದೆ ಎಂಬುದು ನನ್ನ ಅನುಮಾನ. ಆಮೇಲೆ ಟೀ ಮುಗಿಸಿ ಮನೆಗೆ ಹೋಗಬಹುದು.

ಕೊರಿಯಾದಲ್ಲಿ ಹಾಗೆ ಮನೆಗೆ ಹೋಗಿ ಸುಮ್ಮನಾಗಲಿಲ್ಲ. ಸೆಪ್ಟೆಂಬರ್‌ನಲ್ಲಿ ತೆರೆಕಂಡ ಆ ಚಿತ್ರವನ್ನು 40 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಪೊಲೀಸರು ಹಳೆಯ ಪ್ರಕರಣವನ್ನು ಮತ್ತೆ ಕೈಗೆತ್ತಿಕೊಂಡರು. ಅಕ್ಟೋಬರ್ ಮುಗಿಯುವುದರೊಳಗೆ ಸಂಸತ್ತು ಕಾನೂನು ತಿದ್ದಿತು: 13 ವರ್ಷದೊಳಗಿನ ಮಕ್ಕಳು ಮತ್ತು ಅಂಗವಿಕಲ ಮಹಿಳೆಯರ ಮೇಲಿನ ಲೈಂಗಿಕ ಅಪರಾಧಗಳಿಗೆ ಇಷ್ಟು ವರ್ಷದೊಳಗೇ ಮೊಕದ್ದಮೆ ಹೂಡಬೇಕೆಂಬ ಕಾಲಮಿತಿಯನ್ನು ತೆಗೆದುಹಾಕಿತು. ಅದಕ್ಕೆ ಸಿನಿಮಾದ ಹೆಸರೇ ಅಂಟಿ ‘ದೊಗಾನಿ ಕಾನೂನು’ ಎಂದಾಯಿತು. ಶಾಲೆಯೂ ಮುಚ್ಚಿತು. ಕೊರಿಯಾದ ಪ್ರೇಕ್ಷಕರು ನಮಗಿಂತ ಒಳ್ಳೆಯವರು ಎಂದು ಇದರಿಂದ ಅಂದುಕೊಳ್ಳಬೇಕಿಲ್ಲ. ಅವರಿಗೆ ಹೆಸರಿದ್ದ ಒಂದು ಶಾಲೆ, ಬದಲಿಸಬಹುದಾದ ಒಂದು ಕಾನೂನು ಕಣ್ಣೆದುರಿಗಿತ್ತು. ಲರ್ನರ್ ಪ್ರಯೋಗದ ಮೊದಲ ಗುಂಪಿನಲ್ಲಿ ಅವರಿದ್ದರು, ಎರಡನೆಯದರಲ್ಲಿ ನಾವು.

ನಿಜವಾಗಿಯೂ ಎರಡನೆಯದರಲ್ಲಿದ್ದೆವಾ? ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು ಅಥವಾ ಮಗು ನಂಬಿದ್ದವರು. ಕರ್ನಾಟಕ ಆ 13ರಲ್ಲಿ ಇರಲಿಲ್ಲ. ಹಾಗೆಂದು ನಮ್ಮಲ್ಲಿಲ್ಲ ಎಂದು ಎದೆ ತಟ್ಟಿಕೊಳ್ಳುವ ಧೈರ್ಯ ನನಗಂತೂ ಇಲ್ಲ. ಈ ಅಂಕಿ ಇಟ್ಟುಕೊಂಡು ನೋಡಿದರೆ, ಇಂಥ ಸಿನಿಮಾ ನೋಡಲು ಇಪ್ಪತ್ತು ಜನ ಕೂತ ಕಡೆ ಒಂದಿಬ್ಬರಿಗಾದರೂ ಅದು ಸಿನಿಮಾ ಆಗಿರುವುದಿಲ್ಲ. ಆದ್ದರಿಂದ ಮಾತಾಡದೆ ಹೊರಟವರನ್ನು ತಡೆದು "ಏನನ್ನಿಸ್ತು ಹೇಳಿ" ಎಂದು ಕೇಳಬಾರದು. ಬೇಕಾದಾಗ ಕೇಳಿಸಿಕೊಳ್ಳುವವರು ಇದ್ದಾರೆ ಎಂದು ತಿಳಿದರೆ ಸಾಕು. ಇಂಥ ಚಿತ್ರಗಳ ತುಣುಕುಗಳನ್ನು ವಾಟ್ಸ್‌ಆ್ಯಪ್ಪಿನಲ್ಲಿ ಹಂಚುವುದೂ ನನಗೆ ಸರಿಕಾಣುವುದಿಲ್ಲ. 2013ರ ಬಾಸ್ಟನ್ ಬಾಂಬ್ ಸ್ಫೋಟದ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆಗೂ ಮೀರಿ ಅದರ ಸುದ್ದಿ, ದೃಶ್ಯಗಳಲ್ಲೇ ಮುಳುಗಿದ್ದವರು ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚು ಒತ್ತಡದ ಲಕ್ಷಣಗಳನ್ನು ಹೇಳಿಕೊಂಡಿದ್ದರು.

ಕೋರ್ಟಿನ ದೃಶ್ಯ ನೋಡಿ ಸಿಟ್ಟಾದವರಿಗೆ ನಮ್ಮ ಕಾನೂನಿನಲ್ಲಿ ಏನಿದೆ ಎಂಬುದು ತಿಳಿದಿದ್ದರೆ ಆ ಸಿಟ್ಟಿಗೆ ಒಂದು ಕೆಲಸ ಸಿಗುತ್ತದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸಲೆಂದು 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದಕ್ಕೆ ಒಗ್ಗುವ ಜಾಗದಲ್ಲೋ ಪಡೆಯಬೇಕು. ಪೊಲೀಸರು ಯೂನಿಫಾರಂನಲ್ಲಿ ಬರಬಾರದು, ಸಾಧ್ಯವಾದಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ವಿಚಾರಣೆ ಸಾಧ್ಯವಾದಮಟ್ಟಿಗೆ ಒಂದು ವರ್ಷದಲ್ಲಿ ಮುಗಿಯಬೇಕು. ಕಾಗದದ ಮೇಲಿರುವುದೆಲ್ಲ ಕೋರ್ಟಿನ ಆವರಣದಲ್ಲಿ ಹಾಗೇ ನಡೆಯುತ್ತದೆ ಎಂದು ನಂಬುವಷ್ಟು ಎಳಸು ನಾವಲ್ಲ. ನಡೆಯದಿದ್ದಾಗ ಯಾಕೆ ನಡೆಯಲಿಲ್ಲ ಎಂದು ಕೇಳುವುದಕ್ಕೆ ಇಷ್ಟು ಗೊತ್ತಿರಬೇಕು. ಇನ್ನು 19ನೇ ಸೆಕ್ಷನ್ ನಮ್ಮಂಥ ಹೊರಗಿನವರಿಗೇ ಬರೆದದ್ದು: ಅಪರಾಧ ನಡೆದದ್ದು ತಿಳಿದರೆ ಮಾತ್ರವಲ್ಲ, ನಡೆಯಬಹುದೆಂಬ ಆತಂಕ ಇದ್ದರೂ ತಿಳಿಸಬೇಕು. ಸಾಕ್ಷಿ ಹೊಂದಿಸಿಕೊಂಡು ಹೋಗಬೇಕಿಲ್ಲ, ಸದುದ್ದೇಶದಿಂದ ಕೊಟ್ಟ ಮಾಹಿತಿಗೆ ಯಾವ ಕೇಸೂ ಮೈಮೇಲೆ ಬರುವುದಿಲ್ಲ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ.