ಗ್ಲೂಕೋಸ್ ಇದ್ದೂ ಶಕ್ತಿಯಿಲ್ಲ: ಪಾರ್ಕಿನ್ಸನ್ ಮತ್ತು ಮೈಟೊಕಾಂಡ್ರಿಯ

ಪಾರ್ಕಿನ್ಸನ್ ಎಂದೊಡನೆ ‘ಡೋಪಮೈನ್ ಕೊರತೆ’ ಎಂದು ಬರೆದು ಮುಂದೆ ಹೋಗುತ್ತೇವೆ. ನರಕೋಶಗಳ ನಡುವೆ ಸಂದೇಶ ಒಯ್ಯುವ ಈ ಡೋಪಮೈನನ್ನು ತಯಾರಿಸುವ ಕೋಶಗಳೇ ಯಾಕೆ ಅಷ್ಟು ಸುಲಭವಾಗಿ ಸಾಯುತ್ತವೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ದೇಹದ ತೂಕದಲ್ಲಿ ಮಿದುಳಿನ ಪಾಲು ಸುಮಾರು ಶೇ. 2, ವಿಶ್ರಾಂತಿಯಲ್ಲೂ ಅದು ಬಳಸುವ ಆಮ್ಲಜನಕ ಸುಮಾರು ಶೇ. 20. ಒಂದು ಗ್ಲೂಕೋಸ್ ಅಣು, ಅದನ್ನು ಒಡೆಯುವ ಮೊದಲ ಹಂತವಾದ ಗ್ಲೈಕಾಲಿಸಿಸ್‌ನಲ್ಲೇ ನಿಂತರೆ ಸಿಗುವುದು ಕೋಶದ ಶಕ್ತಿನಾಣ್ಯವಾದ ಎಟಿಪಿಯ 2 ಅಣು. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ಪೂರ್ತಿ ಉರಿದರೆ 30ರಿಂದ 32. ಡೋಪಮೈನ್ ತಯಾರಿಸುವ, ಮಿದುಳಿನ ಸಬ್‌ಸ್ಟಾನ್ಷಿಯಾ ನೈಗ್ರಾ ಭಾಗದ ನರಕೋಶಗಳ ಖರ್ಚು ಇನ್ನೂ ಹೆಚ್ಚು. ಅವು ತಾವಾಗಿಯೇ ಮಿಡಿಯುತ್ತವೆ, ಮಿಡಿದಾಗಲೆಲ್ಲ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಅದನ್ನು ಹೊರಹಾಕಲು ಎಟಿಪಿ ಬೇಕು.

ಅವುಗಳ ಆಕ್ಸಾನ್ (ಸಂಕೇತ ಒಯ್ಯುವ ಉದ್ದನೆಯ ಎಳೆ) ವಿಪರೀತ ಕವಲೊಡೆದಿರುತ್ತದೆ. ಮುಂಬಯಿಯ ಲೋಕಲ್ ರೈಲುದಾರಿಯ ಎರಡು ಕೊನೆಗಳಂತೆ ಕೋಶಕಾಯವನ್ನು ಚರ್ಚ್‌ಗೇಟ್, ಆಕ್ಸಾನಿನ ತುದಿಯನ್ನು ವಿರಾರ್ ಎಂದುಕೊಳ್ಳಿ: ಮೈಟೊಕಾಂಡ್ರಿಯವನ್ನು ವಿರಾರಿಗೆ ಒಯ್ಯುವುದು ಕೈನೆಸಿನ್ ಎಂಬ ಮೋಟಾರು ಪ್ರೋಟೀನ್, ವಾಪಸು ತರುವುದು ಡೈನೀನ್. (ಉತ್ತರಪತ್ರಿಕೆಯಲ್ಲಿ ಇವೆರಡು ಅದಲುಬದಲಾಗುವುದೇ ಹೆಚ್ಚು.) ಸೆಕೆಂಡಿಗೆ 1 ಮೈಕ್ರೋಮೀಟರಿನಂತೆ ಎಲ್ಲೂ ನಿಲ್ಲದೆ ಹೋದರೂ ಒಂದು ಸೆಂಟಿಮೀಟರಿಗೆ ಹೆಚ್ಚುಕಡಿಮೆ 2 ಗಂಟೆ 47 ನಿಮಿಷ. ಈ ಎರಡು ಮೋಟಾರುಗಳಿಗೂ ಎಟಿಪಿಯೇ ಇಂಧನ. ಹಾಗಾಗಿ ಕೊರತೆಯ ಪೆಟ್ಟು ದೂರದ ತುದಿಗೆ ಜೋರಾಗಿ ಬೀಳುತ್ತದೆ.

ಮೈಟೊಕಾಂಡ್ರಿಯದ ಎಲೆಕ್ಟ್ರಾನ್ ಸಾಗಣೆ ಸರಪಳಿಯ ಮೊದಲ ಕೊಂಡಿಯಾದ ಕಾಂಪ್ಲೆಕ್ಸ್ 1ರ ಪಾತ್ರ ಅರಿಯಲು ಎಂಪಿಟಿಪಿ ಎಂಬ ರಾಸಾಯನಿಕ ಒಳ್ಳೆಯ ಉದಾಹರಣೆ. ಆಸ್ಟ್ರೋಸೈಟ್ ಎಂಬ ಮಿದುಳಿನ ಪೋಷಕ ಕೋಶಗಳ ಎಂಎಒ-ಬಿ ಕಿಣ್ವ ಅದನ್ನು ಎಂಪಿಪಿ ಪ್ಲಸ್ ಆಗುವ ದಾರಿಗೆ ಹಚ್ಚುತ್ತದೆ. ಡೋಪಮೈನನ್ನು ಒಳಗೆಳೆದುಕೊಳ್ಳುವ ಡೋಪಮೈನ್ ಟ್ರಾನ್ಸ್‌ಪೋರ್ಟರ್ ಈ ಎಂಪಿಪಿ ಪ್ಲಸ್ ವಿಷವನ್ನೂ ನರಕೋಶದೊಳಕ್ಕೆ ಬಿಟ್ಟುಕೊಳ್ಳುತ್ತದೆ. ಅಲ್ಲಿ ಅದು ಕಾಂಪ್ಲೆಕ್ಸ್ 1ನ್ನು ತಡೆಯುತ್ತದೆ. ಎಟಿಪಿ ಇಳಿಯುತ್ತದೆ, ಜೊತೆಗೆ ಎಲೆಕ್ಟ್ರಾನುಗಳು ಸೋರಿ ಸೂಪರಾಕ್ಸೈಡ್ ಎಂಬ ಹಾನಿಕಾರಕ ಆಮ್ಲಜನಕ ರೂಪ ಹುಟ್ಟುತ್ತದೆ. ಕೆಟ್ಟ ಮೈಟೊಕಾಂಡ್ರಿಯಕ್ಕೆ ಗುರುತು ಹಾಕಿ ವಿಲೇವಾರಿಗೆ ಕಳಿಸುವ ಕೆಲಸ ಪಿಂಕ್1 ಮತ್ತು ಪಾರ್ಕಿನ್ ಎಂಬ ಪ್ರೋಟೀನುಗಳದು. ಇವುಗಳ ಜೀನ್ ಕೆಟ್ಟರೆ ಕಿರಿಯ ವಯಸ್ಸಿನಲ್ಲೇ ಕಾಯಿಲೆ ಕಾಣಿಸಿಕೊಳ್ಳಬಹುದು.

ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ಕೋಶ ತರಿಸಿ ಪ್ರಾಜೆಕ್ಟ್ ಮಾಡುವವರು ಇದನ್ನು ಮರೆಯಬಾರದು: ನ್ಯೂರೋಬ್ಲಾಸ್ಟೋಮಾ (ನರಮೂಲದ ಕ್ಯಾನ್ಸರ್) ಕೋಶಗಳು 25 ಮಿಲಿಮೋಲಾರ್ ಗ್ಲೂಕೋಸ್ ಇರುವ ಮಾಧ್ಯಮದಲ್ಲಿ ಗ್ಲೈಕಾಲಿಸಿಸ್‌ನಲ್ಲೇ ಬದುಕಿಬಿಡುತ್ತವೆ. ಕಾಂಪ್ಲೆಕ್ಸ್ 1ನ್ನೇ ತಡೆಯುವ ರೊಟಿನೋನ್ ಹಾಕಿದರೂ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಗ್ಲೂಕೋಸ್ ತೆಗೆದು 10 ಮಿಲಿಮೋಲಾರ್ ಗ್ಯಾಲಕ್ಟೋಸ್ ಕೊಡಿ. ಅದು ಗ್ಲೈಕಾಲಿಸಿಸ್‌ಗೆ ಸೇರುವುದು ನಿಧಾನ, ಕೋಶ ಮೈಟೊಕಾಂಡ್ರಿಯವನ್ನೇ ನೆಚ್ಚಬೇಕಾಗುತ್ತದೆ, ಹಾನಿ ಬಯಲಾಗುತ್ತದೆ.

ಈ ಕೋಶಗಳ ಆಮ್ಲಜನಕ ಬಳಕೆ ಅಳೆಯುವಾಗ ಮೊದಲು ಆಲಿಗೊಮೈಸಿನ್ (ಎಟಿಪಿ ತಯಾರಿಕೆ ತಡೆಯಲು), ಆಮೇಲೆ ಎಫ್‌ಸಿಸಿಪಿ (ಉಸಿರಾಟವನ್ನು ಗರಿಷ್ಠಕ್ಕೆ ಏರಿಸಲು), ಕೊನೆಗೆ ರೊಟಿನೋನ್ ಜೊತೆ ಆಂಟಿಮೈಸಿನ್ ಎ (ಸರಪಳಿಯನ್ನೇ ನಿಲ್ಲಿಸಲು) ಹಾಕಬೇಕು. ಎಫ್‌ಸಿಸಿಪಿ ಹೆಚ್ಚಾದರೆ ಉಸಿರಾಟ ಏರುವ ಬದಲು ಕುಸಿಯುತ್ತದೆ. ಪ್ರತಿ ಕೋಶಸಾಲಿಗೂ (ಸೆಲ್ ಲೈನ್) ಎಫ್‌ಸಿಸಿಪಿಯ ಸರಿಯಾದ ಪ್ರಮಾಣವನ್ನು ಮೊದಲೇ ಹುಡುಕಿಕೊಳ್ಳಿ. ಕೋಶ ಬೆಳೆಸುವ ತಟ್ಟೆಯ ಬಾವಿಬಾವಿಗೆ (ಗುಳಿಗಳಿಗೆ) ಕೋಶಗಳ ಸಂಖ್ಯೆ ಬೇರೆಯಿರುವುದರಿಂದ ಫಲಿತಾಂಶವನ್ನು ಪ್ರೋಟೀನ್ ಪ್ರಮಾಣಕ್ಕೆ ಭಾಗಿಸಿಯೇ ಹೋಲಿಸಿ.