ಮೇಸ್ತ್ರಿ ಹೇಳಿದ್ದನ್ನೇ ಆಸ್ಪತ್ರೆ ಬರೆದುಕೊಂಡರೆ

ಸಾರ್ವೆಯಿಂದ ಬಿದ್ದವನನ್ನು ಪಿಕಪ್‌ನಲ್ಲಿ ಮಲಗಿಸಿಕೊಂಡು ಮಡಿಕೇರಿಯ ಆಸ್ಪತ್ರೆಗೆ ತರುತ್ತಾರೆ. ಡಾಕ್ಟರ್ ಕೇಳುವ ಮೊದಲ ಪ್ರಶ್ನೆ, 'ಹೇಗಾಯ್ತು?' ಪೆಟ್ಟು ತಿಂದವನಿಗೆ ಮಾತಾಡುವ ಶಕ್ತಿ ಇರುವುದಿಲ್ಲ. ಜೊತೆಗೆ ಬಂದ ಮೇಸ್ತ್ರಿ ಹೇಳುತ್ತಾನೆ: 'ರೂಮಲ್ಲಿ ಕಾಲು ಜಾರಿ ಬಿದ್ದ ಡಾಕ್ಟ್ರೇ.' ಆ ಸಾಲು ಕೇಸ್ ಶೀಟಿಗೆ ಹೋಗುತ್ತದೆ. ವರ್ಷ ಕಳೆದ ಮೇಲೆ ಕೋರ್ಟಿನಲ್ಲಿ ಇನ್ಶೂರೆನ್ಸ್ ಕಂಪನಿಯ ವಕೀಲರು ಅದೇ ಸಾಲು ಹಿಡಿದುಕೊಂಡು ಪಾಟಿ ಸವಾಲಿಗೆ ನಿಲ್ಲುತ್ತಾರೆ.

ಮೇಸ್ತ್ರಿಗೆ ದುರುದ್ದೇಶ ಇರುತ್ತದೆ ಅಂತೇನಲ್ಲ. ಪೊಲೀಸ್ ಕೇಸಾದರೆ ಕೆಲಸ ನಿಲ್ಲುತ್ತದೆ, ಮಾಲೀಕ ಬಾಕಿ ದುಡ್ಡು ಕೊಡುವುದಿಲ್ಲ ಅನ್ನುವ ಭಯ. ಎಷ್ಟೋ ಸಲ ಅವನೂ ನಿನ್ನೆ ಮೊನ್ನೆಯವರೆಗೆ ಗಾರೆ ಕೆಲಸದವನೇ. ಆದರೆ ಕೊಡಗಿನಲ್ಲಿ ಕಾರ್ಮಿಕರ ಅಪಘಾತ ಪರಿಹಾರದ ಕೇಸುಗಳನ್ನು ನಡೆಸುತ್ತಾ ಬಂದ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇಷ್ಟು: ಕಾನೂನು ಕಾರ್ಮಿಕನ ಪರವಾಗಿಯೇ ಇದೆ, ನಾವು ಸೋಲುವುದು ಮೊದಲ ವಾರದ ಕಾಗದಗಳಲ್ಲಿ.

ಆದ್ದರಿಂದ ಆಸ್ಪತ್ರೆಯಲ್ಲಿ ಯಾರಾದರೂ ಒಬ್ಬರು, ಜೊತೆ ಕೆಲಸದವನೋ ಹೆಂಡತಿಯೋ, ನಡೆದದ್ದನ್ನು ನಡೆದ ಹಾಗೇ ಹೇಳಬೇಕು. ಯಾವ ಊರಿನ ಯಾರ ಕಟ್ಟಡ, ಎಷ್ಟು ಎತ್ತರ, ಯಾವ ಕೆಲಸ ಮಾಡುವಾಗ, ಎಷ್ಟು ಗಂಟೆಗೆ. ಇದನ್ನು ಎಂಎಲ್‌ಸಿ, ಅಂದರೆ ಮೆಡಿಕೋ ಲೀಗಲ್ ಕೇಸ್ ಅಂತ ದಾಖಲು ಮಾಡಿ ಅಂತ ಕೇಳಬೇಕು. ಹಾಗೆ ಮಾಡಿದರೆ ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ಮಾಹಿತಿ ಹೋಗುತ್ತದೆ. ಮೈಸೂರಿಗೋ ಮಂಗಳೂರಿಗೋ ಕಳಿಸಿದರೆ ರೆಫರ್ ಮಾಡಿದ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಅಲ್ಲಿ ಮತ್ತೆ ಹೊಸದಾಗಿ 'ಹೇಗಾಯ್ತು' ಅಂತ ಕೇಳುತ್ತಾರೆ. ಎರಡು ಕಡೆ ಎರಡು ಕಥೆ ಆಗಬಾರದು.

ಈಗ ಕಾನೂನಿಗೆ ಬರೋಣ. ಈ ವಿಷಯಕ್ಕೆ ಹಳೆಯ ಆಧಾರ 1923ರ ನೌಕರರ ಪರಿಹಾರ ಕಾಯ್ದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಈ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿಕೊಂಡಿದೆ. ಹೆಸರು ಬದಲಾದರೂ ಪರಿಹಾರದ ತಿರುಳು ಹಾಗೇ ಉಳಿದಿದೆ. ಅದಕ್ಕೆ ಮೊದಲು ನಡೆದ ಅಪಘಾತಗಳಿಗೆ ಹಳೆಯ ಕಾಯ್ದೆಯೇ. ಆ ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಅವರೇ ಪರಿಹಾರ ಕಮಿಷನರ್.

ಈ ಕಾನೂನಿನ ಒಳ್ಳೆಯ ಗುಣ ಏನೆಂದರೆ, ತಪ್ಪು ಯಾರದು ಅನ್ನುವ ಪ್ರಶ್ನೆ ಇಲ್ಲಿ ಮುಖ್ಯವೇ ಅಲ್ಲ. ಕೆಲಸದ ಸಮಯದಲ್ಲಿ, ಕೆಲಸದ ಕಾರಣಕ್ಕೆ ಪೆಟ್ಟಾಗಿದೆಯೇ ಅನ್ನುವುದಷ್ಟೇ ಪ್ರಶ್ನೆ. 'ಹೆಲ್ಮೆಟ್ ಹಾಕ್ಕೊಂಡಿರಲಿಲ್ಲ', 'ಅವನದೇ ಅಜಾಗರೂಕತೆ' ಅನ್ನುವ ಮಾತು ಪ್ರತಿ ಕೇಸಿನಲ್ಲೂ ಬರುತ್ತದೆ. ಸಾಮಾನ್ಯ ಅಜಾಗರೂಕತೆಗೆ ಪರಿಹಾರ ತಪ್ಪುವುದಿಲ್ಲ. ಕುಡಿದಿದ್ದ, ಇಲ್ಲವೇ ಸುರಕ್ಷತೆಗಾಗಿ ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕಂತಲೇ ಮೀರಿದ ಅಂತ ಮಾಲೀಕ ರುಜುವಾತು ಮಾಡಿದರೆ ಮಾತ್ರ ತೊಂದರೆ. ಅದೂ ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿದ್ದರೆ ಆ ವಾದ ನಿಲ್ಲುವುದಿಲ್ಲ. ಹೆಲ್ಮೆಟ್ಟನ್ನೇ ಕೊಡದ ಸೈಟಿನಲ್ಲಿ ಹೆಲ್ಮೆಟ್ ಆದೇಶ ಮೀರಿದ ಅನ್ನುವುದು ಹೇಗೆ, ಅಲ್ವಾ?

ನಮ್ಮ ಜಿಲ್ಲೆಯದೇ ಆದ ಇನ್ನೊಂದು ವಾದ ಇದೆ: ಮಳೆ. ಗುಡ್ಡ ಅಗೆದು ಜಾಗ ಮಟ್ಟ ಮಾಡಿ, ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಮಣ್ಣಿನ ಇಳಿಜಾರನ್ನು, ಗೋಡೆ ಥರ ನೇರ ಕಡಿದು, ಅದರ ಬುಡದಲ್ಲಿ ತಡೆಗೋಡೆಗೆ ಪಾಯ ತೋಡಲು ಜನ ಇಳಿಸುತ್ತಾರೆ. ಬರೆ ಜರಿಯುತ್ತದೆ. 'ಪ್ರಕೃತಿ ವಿಕೋಪ ಸ್ವಾಮಿ, ನಾವೇನು ಮಾಡೋಕಾಗುತ್ತೆ' ಅನ್ನುತ್ತಾರೆ. 2018ರ ಆಗಸ್ಟಿನ ಭೂಕುಸಿತ ಕಂಡ ಜಿಲ್ಲೆಯಲ್ಲಿ, ಮಳೆಗಾಲದಲ್ಲಿ ಕಡಿದ ಬರೆ ನಿಲ್ಲುವುದಿಲ್ಲ ಅನ್ನುವುದು ಶಾಲೆಯ ಮಕ್ಕಳಿಗೂ ಗೊತ್ತು. ಪರಿಹಾರದ ಕಾನೂನಿನಲ್ಲಿ ಈ ಮಾತಿಗೆ ಬೆಲೆ ಕಡಿಮೆ. ಆ ಮನುಷ್ಯ ಆ ಹೊತ್ತಿಗೆ ಆ ಬರೆಯ ಕೆಳಗೆ ನಿಂತಿದ್ದು ಕೆಲಸಕ್ಕಾಗಿ ತಾನೇ? ಹಾಗಾದರೆ ಅದು ಕೆಲಸದಿಂದ ಬಂದ ಅಪಾಯವೇ.

ಕಟ್ಟಡ ಸಣ್ಣದು, ಕಾಯ್ದೆ ಅನ್ವಯಿಸುವುದಿಲ್ಲ ಅಂತಲೂ ಹೇಳುತ್ತಾರೆ. ಕಟ್ಟಡ ಒಂದಕ್ಕಿಂತ ಜಾಸ್ತಿ ಅಂತಸ್ತಿನದಾಗಿದ್ದರೆ, ಇಲ್ಲವೇ ನೆಲದಿಂದ ಮಾಡಿನ ತುದಿಗೆ 12 ಅಡಿ ಇದ್ದರೆ ಸಾಕು. ಕಟ್ಟುವುದಷ್ಟೇ ಅಲ್ಲ, ರಿಪೇರಿ, ಕೆಡವುವುದು ಎಲ್ಲವೂ ಸೇರುತ್ತದೆ. ನಮ್ಮ ಕಡೆಯ ಇಳಿಜಾರು ಹೆಂಚಿನ ಮಾಡು ಎಷ್ಟು ಎತ್ತರ ಇರುತ್ತದೆ ಅಂತ ನಿಮಗೇ ಗೊತ್ತು.

ನಿಜವಾದ ಜಗಳ ಶುರುವಾಗುವುದು 'ಮಾಲೀಕ ಯಾರು' ಅನ್ನುವಲ್ಲಿ. ಮನೆ ಯಜಮಾನರು ಹೇಳುತ್ತಾರೆ, ನಾನು ಕಂಟ್ರಾಕ್ಟರಿಗೆ ಕೊಟ್ಟಿದ್ದೆ. ಕಂಟ್ರಾಕ್ಟರ್ ಹೇಳುತ್ತಾನೆ, ಸೆಂಟ್ರಿಂಗ್ ಬೇರೆಯವನಿಗೆ ಕೊಟ್ಟಿದ್ದೆ. ಸೆಂಟ್ರಿಂಗ್‌ನವನು ಫೋನೇ ಎತ್ತುವುದಿಲ್ಲ. ಕಾನೂನು ಇಲ್ಲಿ ಹೀಗೆ ನೋಡುತ್ತದೆ. ತನ್ನ ವ್ಯಾಪಾರದ ಭಾಗವಾದ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿದವನು ಮೇಲಿನ ಮಾಲೀಕನಾಗಿ ತಾನೇ ಹೊಣೆ ಹೊರಬೇಕು. ಕೊಟ್ಟ ಮೇಲೆ ಆ ಕೆಳಗಿನವನಿಂದ ವಸೂಲಿ ಮಾಡಿಕೊಳ್ಳಬಹುದು. ಹಾಗಾಗಿ ಕಟ್ಟಡದ ಕಂಟ್ರಾಕ್ಟರ್ 'ಸಬ್ ಕಂಟ್ರಾಕ್ಟ್ ಕೊಟ್ಟಿದ್ದೆ' ಅಂದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ತನಗೆ ವಾಸಕ್ಕೆ ಮನೆ ಕಟ್ಟಿಸುವ ಯಜಮಾನರ ವಿಷಯ ಬೇರೆ. ಮನೆ ಕಟ್ಟುವುದು ಅವರ ವ್ಯಾಪಾರ ಅಲ್ಲವಲ್ಲ. ಪೂರ್ತಿ ಗುತ್ತಿಗೆ ಕೊಟ್ಟಿದ್ದರೆ ಹೊಣೆ ಗುತ್ತಿಗೆದಾರನದು. ಆದರೆ ಸಿಮೆಂಟು, ಮರಳು ತಾವೇ ತರಿಸಿ, ವಾರ ವಾರ ಕೂಲಿ ತಾವೇ ಎಣಿಸಿ ಕೊಡುತ್ತಿದ್ದರೆ, ಮೇಸ್ತ್ರಿ ಬರೀ ಜನ ಕರೆತರುವವನಾಗಿದ್ದರೆ, ಯಜಮಾನರೇ ಮಾಲೀಕ. ಹೋಂಸ್ಟೇಗೆ ಹೊಸ ರೂಮು ಕಟ್ಟಿಸುವವರ ಕೇಸುಗಳು ಇವೆರಡರ ನಡುವೆ ಬರುತ್ತವೆ. ಅಲ್ಲಿ ವಾದಕ್ಕೆ ಜಾಗ ಇದೆ. ನಾನಂತೂ ಇಂಥ ಕೇಸಿನಲ್ಲಿ ಮೇಸ್ತ್ರಿ, ಕಂಟ್ರಾಕ್ಟರ್, ಜಾಗದ ಮಾಲೀಕ ಮೂವರನ್ನೂ ಎದುರುದಾರರನ್ನಾಗಿ ಮಾಡುತ್ತೇನೆ. ಯಾರು ಕೊಡಬೇಕು ಅಂತ ಅವರೇ ಕಿತ್ತಾಡಿಕೊಳ್ಳಲಿ.

ಹಾಜರಿ ಪುಸ್ತಕ, ಸಂಬಳ ಚೀಟಿ ಯಾವುದೂ ಇಲ್ಲದ ಈ ಕೆಲಸದಲ್ಲಿ ಸಾಕ್ಷಿ ಎಲ್ಲಿಂದ? ಹತ್ತು ವರ್ಷದ ಹಿಂದೆ ಇದು ದೊಡ್ಡ ತಲೆನೋವಾಗಿತ್ತು. ಈಗ ಫೋನ್‌ಪೇ ಬಂದಿದೆ. ಒಂದು ಕೇಸಿನಲ್ಲಿ 'ಈ ಮನುಷ್ಯನನ್ನು ನೋಡಿಯೇ ಇಲ್ಲ' ಅಂತ ಕಂಟ್ರಾಕ್ಟರ್ ಪ್ರಮಾಣ ಮಾಡಿ ಹೇಳಿದ. ಗಾಯಾಳುವಿನ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟೆ. ಶನಿವಾರ 5,400, ಮತ್ತೊಂದು ಶನಿವಾರ 5,400, ಮಳೆ ಬಂದು ಎರಡು ದಿನ ಕೆಲಸ ನಿಂತ ವಾರ 3,600. ಎಲ್ಲವೂ ಅವನ ನಂಬರಿನಿಂದಲೇ. ಆರು ದಿನಕ್ಕೆ ಭಾಗಿಸಿದರೆ ದಿನಕ್ಕೆ 900 ಕೂಲಿ. ಆಮೇಲೆ ಅವನ ವಕೀಲರು ಆ ವಿಷಯದಲ್ಲಿ ಪ್ರಶ್ನೆಯೇ ಕೇಳಲಿಲ್ಲ. ವಾಟ್ಸಾಪ್‌ನಲ್ಲಿ ಬಂದ 'ನಾಳೆ ಏಳು ಗಂಟೆಗೆ ಬಾ' ಅನ್ನುವ ವಾಯ್ಸ್ ಮೆಸೇಜ್, ಸೈಟಿನಲ್ಲಿ ಸುಮ್ನೆ ತೆಗೆದ ಸೆಲ್ಫಿ, ಇವೂ ಉಪಯೋಗಕ್ಕೆ ಬರುತ್ತವೆ. ಫೋನ್ ಕೆಟ್ಟಿತು ಅಂತ ಬಿಸಾಡಬೇಡಿ.

ದುಡ್ಡಿನ ಲೆಕ್ಕ ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ವಯಸ್ಸಿಗೆ ಒಂದು ಗುಣಕ ಇದೆ. 30 ವರ್ಷದವನಿಗೆ 207.98, 50 ವರ್ಷದವನಿಗೆ 153.09. ನಿಜವಾದ ಕೂಲಿ ಎಷ್ಟೇ ಇರಲಿ, 2020ರ ಜನವರಿ 3ರಿಂದ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ 15,000 ರೂಪಾಯಿ. ಸಾವಾದರೆ ಅದರ ಅರ್ಧ, ಅಂದರೆ 7,500ನ್ನು ಗುಣಕದಿಂದ ಗುಣಿಸಬೇಕು. 30 ವರ್ಷದ ಗಾರೆ ಕೆಲಸದವನ ಕುಟುಂಬಕ್ಕೆ 15,59,850 ರೂಪಾಯಿ ಬರುತ್ತದೆ. ಶಾಶ್ವತವಾಗಿ ಯಾವ ಕೆಲಸಕ್ಕೂ ಆಗದ ಸ್ಥಿತಿಯಾದರೆ ಶೇ. 60 ಹಿಡಿಯುತ್ತಾರೆ, 18,71,820 ರೂಪಾಯಿ. ದುಡಿಯುವ ಶಕ್ತಿ ಸ್ವಲ್ಪ ಹೋಗಿದ್ದರೆ ಆ ಮೊತ್ತದಲ್ಲಿ ಅಷ್ಟು ಭಾಗ. ಹೆಬ್ಬೆರಳು ಹೋದರೆ ಶೇ. 30 ಅಂತ ಕಾಯ್ದೆಯ ಪಟ್ಟಿಯಲ್ಲೇ ಇದೆ. ಬೆನ್ನುಮೂಳೆ, ಸೊಂಟದ ಪೆಟ್ಟಿನಂಥವಕ್ಕೆ ಡಾಕ್ಟರ್ ನಿರ್ಧರಿಸಬೇಕು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಡಾಕ್ಟರ್ 'ಕಾಲಿಗೆ ಶೇ. 35 ಊನ' ಅಂತ ಬರೆದುಕೊಟ್ಟ ಸರ್ಟಿಫಿಕೇಟ್ ಬೇರೆ, ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದು ಬೇರೆ. ಕುಂತು ಲೆಕ್ಕ ಬರೆಯುವವನಿಗೆ ಮೊಣಕಾಲು ಮಡಚಲು ಆಗದಿದ್ದರೆ ಹೇಗೋ ನಡೆಯುತ್ತದೆ. ಏಣಿ ಹತ್ತಿ ಗಾರೆ ಬಳಿಯುವವನಿಗೆ ಕಸುಬೇ ಹೋಯಿತು. ಎಡಗೈಯನ್ನು ಮೊಣಕೈಯ ಮೇಲೆ ಕತ್ತರಿಸಬೇಕಾಗಿ ಬಂದ ಒಬ್ಬ ಬಡಗಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ ಇದನ್ನು ಹೇಳಿದೆ. ಒಂದೇ ಕೈಯಲ್ಲಿ ಮರಗೆಲಸ ಆಗುವುದಿಲ್ಲ, ಹಾಗಾಗಿ ಇದು ಪೂರ್ಣ ಅಂಗವೈಕಲ್ಯವೇ ಅಂತ. ಡಾಕ್ಟರ್ ಸಾಕ್ಷಿ ಹೇಳುವಾಗ 'ಈತ ಮತ್ತೆ ಸಾರ್ವೆ ಹತ್ತಬಲ್ಲನೇ' ಅಂತ ನೇರವಾಗಿ ಕೇಳಿಸಿ ದಾಖಲು ಮಾಡಿಸಬೇಕು. ಬರೀ ಪರ್ಸೆಂಟೇಜ್ ನೆಚ್ಚಿಕೊಂಡು ಕುಳಿತರೆ ಲಕ್ಷಗಟ್ಟಲೆ ವ್ಯತ್ಯಾಸವಾಗುತ್ತದೆ.

ಮೂಳೆ ಕೂಡಿಕೊಂಡು ನಾಲ್ಕು ತಿಂಗಳ ಮೇಲೆ ಕೆಲಸಕ್ಕೆ ಹೋಗುವಂತಾದರೂ ಮನೆಯಲ್ಲಿ ಕುಳಿತ ದಿನಗಳಿಗೆ ಹಣ ಇದೆ. ತಿಂಗಳ ಕೂಲಿಯ ಶೇ. 25ನ್ನು ಪ್ರತಿ ಅರ್ಧ ತಿಂಗಳಿಗೆ ಕೊಡಬೇಕು. ಚಿಕಿತ್ಸೆಯ ಖರ್ಚನ್ನು ಬಿಲ್ ಪ್ರಕಾರ ಪೂರ್ತಿ ಕೊಡಬೇಕು, ಅದಕ್ಕೆ ಮಿತಿ ಇಲ್ಲ. ಮೆಡಿಕಲ್ ಶಾಪಿನ ಸಣ್ಣ ಚೀಟಿಯಿಂದ ಹಿಡಿದು ಆಂಬುಲೆನ್ಸ್ ರಸೀದಿವರೆಗೆ ಒಂದು ಕವರಿನಲ್ಲಿ ಹಾಕಿಡಿ. ಮಳೆಗಾಲದಲ್ಲಿ ಲೈನ್ ಮನೆಯ ಗೋಡೆಗೆ ಸಿಕ್ಕಿಸಿಟ್ಟ ಬಿಲ್ಲುಗಳು ಬೂಸ್ಟು ಹಿಡಿದು ನನ್ನ ಕೈಗೆ ಬಂದದ್ದಿದೆ.

ಪರಿಹಾರ ಒಂದು ತಿಂಗಳಲ್ಲಿ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ ಸೇರುತ್ತದೆ. ಸರಿಯಾದ ಕಾರಣ ಇಲ್ಲದೆ ತಡ ಮಾಡಿದರೆ ಶೇ. 50ರವರೆಗೆ ದಂಡವನ್ನೂ ಹಾಕಬಹುದು. ಮಾಲೀಕರಿಗೂ ಒಂದು ಮಾತು. ಕೆಲಸ ಶುರು ಮಾಡುವ ಮೊದಲು ಕಾರ್ಮಿಕರ ಹೆಸರಿನಲ್ಲಿ ಪರಿಹಾರದ ಪಾಲಿಸಿ ಮಾಡಿಸಿ. ಮನೆಗೆ ಹಾಕುವ ಟೈಲ್ಸಿನ ಖರ್ಚಿನ ಮುಂದೆ ಅದರ ಪ್ರೀಮಿಯಂ ಏನೇನೂ ಅಲ್ಲ.

ಆಮೇಲೆ ಬರುವುದು ರಾಜಿ. ಠಾಣೆಯ ಹೊರಗೋ, ಊರಿನ ಹಿರಿಯರ ಜಗಲಿಯಲ್ಲೋ ಕುಳಿತು, ಐವತ್ತು ಸಾವಿರ ಕೊಟ್ಟು, ಛಾಪಾ ಕಾಗದದ ಮೇಲೆ 'ಇನ್ನು ಮುಂದೆ ಯಾವ ಹಕ್ಕೂ ಇಲ್ಲ' ಅಂತ ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಆ ಕಾಗದಕ್ಕೆ ಹೆದರಬೇಡಿ. ಪರಿಹಾರದ ಹಕ್ಕನ್ನು ಹೀಗೆ ಬರೆದುಕೊಟ್ಟರೆ ಕಾನೂನು ಒಪ್ಪುವುದಿಲ್ಲ. ಸಾವಿನ ಪರಿಹಾರವನ್ನಂತೂ ಕಮಿಷನರ್ ಬಳಿಯೇ ಠೇವಣಿ ಇಡಬೇಕು, ನೇರವಾಗಿ ಕೈಗೆ ಕೊಟ್ಟದ್ದು ಪರಿಹಾರ ಕೊಟ್ಟ ಹಾಗಾಗುವುದಿಲ್ಲ. ರಾಜಿ ಮಾಡಿಕೊಳ್ಳುವುದೇ ಆದರೆ ಕೋರ್ಟಿನ ಮುಂದೆ ದಾಖಲು ಮಾಡಿಸಿ. ಪೊಲೀಸ್ ಕೇಸು ಬೇರೆ ದಾರಿಯದು. ಕಟ್ಟಡ ಕೆಲಸದಲ್ಲಿ ನಿರ್ಲಕ್ಷ್ಯ ತೋರಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 290ನೇ ಕಲಂ, ಪ್ರಾಣ ಹೋಗಿದ್ದರೆ 106ನೇ ಕಲಂ ಬರುತ್ತದೆ. ಅದರಲ್ಲಿ ಮಾಲೀಕ ಬಿಡುಗಡೆಯಾದ ಅಂತ ಪರಿಹಾರ ತಪ್ಪುವುದಿಲ್ಲ.

ಕೆಲವು ಸಲ ಪೆಟ್ಟಾಗುವುದು ವಾಹನದಿಂದ. ಟಿಪ್ಪರ್ ಹಿಂದಕ್ಕೆ ಬಂದು ಗುದ್ದಿತು, ಜೆಸಿಬಿಯ ಬಕೆಟ್ ತಗಲಿತು. ಆಗ ಮೋಟಾರು ವಾಹನ ಕಾಯ್ದೆಯಲ್ಲೂ ಕೇಸು ಹಾಕಬಹುದು. ಅಲ್ಲಿ ಕೂಲಿಗೆ 15,000ದ ಮಿತಿ ಇಲ್ಲ, ಆದರೆ ಚಾಲಕನ ತಪ್ಪನ್ನು ತೋರಿಸಬೇಕಾಗುತ್ತದೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು, ಎರಡೂ ಕಡೆ ಸಿಗುವುದಿಲ್ಲ. ಗಡುವಿನ ಮೇಲೆ ಕಣ್ಣಿರಲಿ. ನೌಕರರ ಪರಿಹಾರಕ್ಕೆ ಎರಡು ವರ್ಷ, ವಾಹನದ ಕೇಸಿಗೆ ಆರೇ ತಿಂಗಳು. ಇನ್ನು ಬೆಳಿಗ್ಗೆ ಕುಶಾಲನಗರದಿಂದ ಜನ ತುಂಬಿಕೊಂಡು ಬೆಟ್ಟ ಹತ್ತುವ ಪಿಕಪ್ ಮಗುಚಿದರೆ? ಹೊಸ ಸಂಹಿತೆಯಲ್ಲಿ, ಕೆಲಸಕ್ಕೆ ಹೋಗುವ ಬರುವ ದಾರಿಯ ಅಪಘಾತವೂ ಕೆಲಸದೊಂದಿಗೆ ಸಂಬಂಧ ಇದ್ದರೆ ಕೆಲಸದ ಅಪಘಾತವೇ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಕಾರ್ಮಿಕನಾದರೆ ನೌಕರರ ಪರಿಹಾರದ ದಾರಿ ಮುಚ್ಚಿರುತ್ತದೆ, ಅವನು ಇಎಸ್‌ಐನಲ್ಲೇ ಕೇಳಬೇಕು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದ್ದರೆ ಮಂಡಳಿಯಿಂದ ಬರುವ ಅಪಘಾತ ನೆರವು ಬೇರೆಯೇ. ಮಾಲೀಕ ಕೊಡುವ ಪರಿಹಾರಕ್ಕೂ ಅದಕ್ಕೂ ಸಂಬಂಧವಿಲ್ಲ, ಎರಡನ್ನೂ ಪಡೆಯಬಹುದು. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಆಗಬಹುದು. ಬಿದ್ದ ಮೇಲೆ ಕಾರ್ಡಿಗೆ ಓಡಿದರೆ ಉಪಯೋಗವಿಲ್ಲ.

ಅಸ್ಸಾಂ, ಬಂಗಾಳದಿಂದ ಬಂದವರ ಕುಟುಂಬಗಳು ಹೆಣ ತೆಗೆದುಕೊಂಡು ಊರಿಗೆ ಹೋದವರು ಮತ್ತೆ ಬರುವುದಿಲ್ಲ. ಮಡಿಕೇರಿಗೆ ಬಂದು ಹೋಗುವ ರೈಲು ಖರ್ಚೇ ಅವರಿಗೆ ಭಾರ. ಅವರು ಬರಲೇಬೇಕು ಅಂತಿಲ್ಲ. ಅಪಘಾತ ನಡೆದ ಕಡೆ ಮಾತ್ರ ಅಲ್ಲ, ತಾವು ವಾಸವಿರುವ ಜಿಲ್ಲೆಯಲ್ಲೂ ಅರ್ಜಿ ಹಾಕಬಹುದು. ಇಲ್ಲಿಂದ ಹೊರಡುವ ಮೊದಲು ಎಫ್‌ಐಆರ್, ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಇವುಗಳ ಪ್ರತಿಯನ್ನು ಅವರ ಕೈಗೆ ಕೊಡಿಸಿದರೆ ಜೊತೆಗಾರರು ದೊಡ್ಡ ಉಪಕಾರ ಮಾಡಿದ ಹಾಗೆ.

ವಕೀಲರ ಫೀಸಿನ ಬಗ್ಗೆಯೂ ಹೇಳಿಬಿಡುತ್ತೇನೆ, ನಮ್ಮವರಿಗೆ ಬೇಸರವಾದರೂ ಪರವಾಗಿಲ್ಲ. 'ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್' ಅನ್ನುವ ಒಪ್ಪಂದವನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ಹಾಗೆ ಕೇಳಿದರೆ ಬೇಡ ಅನ್ನಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವ ವ್ಯವಸ್ಥೆ ಇದೆ. ಯರವರು, ಕುರುಬರು, ಗಂಡನನ್ನು ಕಳೆದುಕೊಂಡ ಹೆಂಗಸರು ಎಲ್ಲರೂ ಅದರಲ್ಲಿ ಬರುತ್ತಾರೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಆಯಿತು. ಹೋಗಲು ಆಗದವರು 15100ಕ್ಕೆ ಫೋನ್ ಮಾಡಬಹುದು.