ಕಾಲೇಜಿಗೆ ಸೇರಿದ ಮೇಲೆ ಮೈ ಯಾಕೆ ಹಿಡಿದುಕೊಳ್ಳುತ್ತದೆ?

ನಾನು ಫಿಸಿಯೋಥೆರಪಿಸ್ಟ್. ಮೊದಲ ವರ್ಷದ ವಿದ್ಯಾರ್ಥಿಗಳು ನನ್ನ ಹತ್ತಿರ ಬಂದು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ಕುತ್ತಿಗೆ ಹಿಡಿದುಕೊಂಡಿದೆ, ಸೊಂಟ ನೋಯುತ್ತೆ, ಎರಡು ಮಹಡಿ ಹತ್ತಿದರೆ ಏದುಸಿರು, ಶಾಲೆಯಲ್ಲಿದ್ದಾಗ ಹೀಗಿರಲಿಲ್ಲ ಅಂತಾರೆ. ನಿಜವೇ. ಆಗ ಆಟದ ಪೀರಿಯಡ್ ಇತ್ತು, ಸಂಜೆ ಆಡಲು ಕರೆಯುವ ಗೆಳೆಯರಿದ್ದರು, "ಎಷ್ಟೊತ್ತು ಮಲಗಿರ್ತೀಯ, ಏಳು" ಅನ್ನುವ ಮನೆಯವರಿದ್ದರು. ಕಾಲೇಜಿಗೆ ಬಂದ ಕೂಡಲೇ ಇದೆಲ್ಲ ಒಟ್ಟಿಗೇ ನಿಂತುಹೋಗುತ್ತದೆ. ಸೋಮಾರಿಯಾಗಿಬಿಟ್ಟೆ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ. ಮೊದಲು ಬೇರೆಯವರು ಮಾಡಿಕೊಡುತ್ತಿದ್ದ ಏರ್ಪಾಡನ್ನು ಈಗ ನೀವೇ ಮಾಡಿಕೊಳ್ಳಬೇಕು, ಅಷ್ಟೇ.

ಎಷ್ಟು ಬೇಕು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯ ಪ್ರಕಾರ 18 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರಾದ ಶ್ರಮ. ಜೊತೆಗೆ ವಾರದಲ್ಲಿ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮಧ್ಯಮ ಅಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಒಂದೇ ಸಲಕ್ಕೆ 10 ನಿಮಿಷವಾದರೂ ಮಾಡಬೇಕು ಅನ್ನುವ ಹಳೆಯ ಷರತ್ತನ್ನೂ ಆಗ ಕೈಬಿಟ್ಟರು. ನಿಮ್ಮ ಪಾಲಿಗೆ ಇದೇ ದೊಡ್ಡ ಅನುಕೂಲ, ಯಾಕಂದ್ರೆ ನಿಮ್ಮ ದಿನ ಇರುವುದೇ ತುಂಡು ತುಂಡಾಗಿ.

ಹಾಗಾಗಿ ಟೈಮ್‌ಟೇಬಲ್ ಮುಂದೆ ಇಟ್ಟುಕೊಳ್ಳಿ. ಎರಡು ಕ್ಲಾಸುಗಳ ಮಧ್ಯೆ ಬಿಡುವು ಎಲ್ಲಿದೆ ನೋಡಿ, ಅಲ್ಲೇ ಬಿರುಸಿನ ನಡಿಗೆಯನ್ನು ಸೇರಿಸಿ. ರೂಮಿಗೆ ಹೋಗಿ ಬಟ್ಟೆ ಬದಲಾಯಿಸಿ ಆಮೇಲೆ ಹೋಗ್ತೀನಿ ಅಂದುಕೊಂಡರೆ ಮುಗೀತು, ಹಾಸಿಗೆ ಬಿಡುವುದಿಲ್ಲ. ಮನೆಗೆ ಫೋನ್ ಮಾಡುವಾಗ ನಡೆಯುತ್ತಾ ಮಾತಾಡಿ. ಆಟ ಬರಲ್ಲ ಅನ್ನುವ ಸಂಕೋಚ ಇದ್ದರೂ ಮೊದಲ ತಿಂಗಳಲ್ಲೇ ಒಂದು ತಂಡಕ್ಕೋ ಡಾನ್ಸ್ ಗುಂಪಿಗೋ ಸೇರಿಕೊಳ್ಳಿ. ಆಗ ಎಲ್ಲರೂ ಹೊಸಬರೇ ಅಲ್ವಾ?

ನನಗೆ ನಿಜಕ್ಕೂ ಕಳವಳ ಆಗುವುದು ಏನೂ ಮಾಡದವರ ಬಗ್ಗೆ ಅಲ್ಲ, ತಿಂಗಳುಗಟ್ಟಲೆ ಕೂತಿದ್ದು ಒಂದು ದಿನ ಇದ್ದಕ್ಕಿದ್ದಂತೆ ಗೆಳೆಯರ ಜೊತೆ ಪಂಥ ಕಟ್ಟಿ ನೂರಾರು ಬಸ್ಕಿ ಹೊಡೆಯುವವರ ಬಗ್ಗೆ. ಮಾರನೇ ದಿನ ಅವರು ಮೆಟ್ಟಿಲು ಇಳಿಯುವುದನ್ನು ನೋಡಬೇಕು: ಎರಡೂ ಕೈಯಲ್ಲಿ ಕಂಬಿ ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಹೆಜ್ಜೆ. ಹೊಸ ವ್ಯಾಯಾಮದ ನೋವು ಸಾಮಾನ್ಯವಾಗಿ 1ರಿಂದ 3 ದಿನದೊಳಗೆ ಜೋರಾಗಿದ್ದು ತಾನಾಗಿಯೇ ಇಳಿಯುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ನೋವು ವಿಪರೀತವಾಗಿ, ಸ್ನಾಯು ಊದಿಕೊಂಡು, ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಬೀಳಬಹುದು. ಆರೋಗ್ಯವಾಗಿರುವ ಹರೆಯದವರಿಗೂ ಇದು ಆಗುತ್ತದೆ.

ಅದಕ್ಕೇ ಸಣ್ಣದಾಗಿ ಶುರು ಮಾಡಿ. ರೂಮಿನಲ್ಲೇ 10 ಬಸ್ಕಿ, ಗೋಡೆಗೆ ಕೈಕೊಟ್ಟು 10 ಪುಷ್‌ಅಪ್, ವಾರಕ್ಕೆರಡು ದಿನ. ಸುಲಭ ಅನ್ನಿಸಿದ ಮೇಲೆ ಸ್ವಲ್ಪ ಸ್ವಲ್ಪವೇ ಏರಿಸಿ.

ಇನ್ನು ಕುತ್ತಿಗೆಯ ವಿಷಯ. ದಿಂಬಿಗೆ ಒರಗಿ, ಹೊಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಗದ್ದ ಎದೆಗೆ ತಾಗುವಷ್ಟು ಬಗ್ಗಿ ರಾತ್ರಿಯೆಲ್ಲ ಓದಿದರೆ ಕುತ್ತಿಗೆ ತಾನೇ ಏನು ಮಾಡೀತು! ಮೇಜಿನ ಮುಂದೆ ಕೂತರೂ ಅಷ್ಟೇ, ಗಂಟೆಗಟ್ಟಲೆ ಅಲುಗದಿದ್ದರೆ ಯಾವ ಭಂಗಿಯಲ್ಲಿದ್ದರೂ ಕುತ್ತಿಗೆ ಬಿಗಿಯುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದು ನೀರು ತುಂಬಿಸಿಕೊಂಡು ಬನ್ನಿ. ನೋವು ಕೈಗೋ ಕಾಲಿಗೋ ಇಳಿಯುತ್ತಿದ್ದರೆ, ಜೋಮು ಹಿಡಿಯುತ್ತಿದ್ದರೆ ಸುಮ್ನೆ ಮುಲಾಮು ಹಚ್ಚುತ್ತಾ ಕೂರಬೇಡಿ, ಬಂದು ತೋರಿಸಿ.

ಪರೀಕ್ಷೆ ಬಂದಾಗ ಎಲ್ಲರೂ ಮೊದಲು ಬಿಡುವುದು ವ್ಯಾಯಾಮವನ್ನೇ. ಆಗ ಅರ್ಧ ಗಂಟೆ ಆಗದಿದ್ದರೆ 10 ನಿಮಿಷ ನಡೆಯಿರಿ, ಆದರೆ ಪೂರ್ತಿ ನಿಲ್ಲಿಸಬೇಡಿ. ಪರೀಕ್ಷೆ ಮುಗಿದ ಮೇಲೆ ಮತ್ತೆ ಶುರು ಮಾಡ್ತೀನಿ ಅಂದವರಲ್ಲಿ ಜಾಸ್ತಿ ಜನ ಶುರು ಮಾಡದೇ ಇರುವುದನ್ನು ನಾನು ಪ್ರತಿ ವರ್ಷವೂ ನೋಡುತ್ತಿದ್ದೇನೆ.